ಕುರಿಗಳ ಮೇವಿನ ಪ್ರಶ್ನೆ

ವಿಶ್ವಸಂಸ್ಥೆಯ ಮಹಾಸಭೆಯು ೨೦೨೨ರಲ್ಲಿ ನಿರ್ಣಯವೊಂದನ್ನು ಅಂಗೀಕರಿಸಿ, ೨೦೨೬ನೆಯ ವರ್ಷವನ್ನು ಹುಲ್ಲುಗಾವಲುಗಳ ಹಾಗೂ ಪಶುಪಾಲಕರ ಅಂತಾರಾಷ್ಟ್ರೀಯ ವರ್ಷವೆಂದು ಗೊತ್ತುಪಡಿಸಿತು. ಇಂತಹ ವರ್ಷಗಳು ಬರುವುವು, ಹೋಗುವುವು. ಸಭೆಗಳು ಸೇರುವುವು, ಭಾಷಣಗಳಾಗುವುವು, ಹಾರತುರಾಯಿಗಳ ವಿನಿಯೋಗವೂ ಆಗುವುದು. ಆದರೆ ಯಾವ ಪಶುವಿನ ಹೆಸರಿನಲ್ಲಿ ಇವೆಲ್ಲವೂ ನಡೆಯುತ್ತವೆಯೋ ಆ ಪಶುವಿನ ಹೊಟ್ಟೆಗೆ ಏನು ಬಿತ್ತೆಂಬುದನ್ನು ವಿಚಾರಿಸುವವರು ವಿರಳ. ಈ ನಿಮಿತ್ತದಿಂದಲಾದರೂ ನಮ್ಮ ನಾಡಿನ ಬಯಲುಗಳಲ್ಲಿ ಮೇಯ್ದು ಬದುಕುವ ಕುರಿಯ ಆಹಾರದ ವಿಷಯವನ್ನು ವಾಚಕರ ಮುಂದಿಡಲು ನಾವು ಇಚ್ಛಿಸುತ್ತೇವೆ.

ಕುರಿಯ ಮೇವಿನ ವಿಚಾರದಿಂದ ಪಟ್ಟಣವಾಸಿಗಳಿಗೆ ಏನಾಗಬೇಕು ಎಂದು ಕೇಳುವವರೂ ಉಂಟು. ಅವರಿಗೆ ನಾವು ಮೊದಲು ಲೆಕ್ಕದಿಂದಲೇ ಉತ್ತರ ಹೇಳುತ್ತೇವೆ. ೨೦೧೯ರ ಜಾನುವಾರು ಗಣತಿಯಂತೆ ಭಾರತದಲ್ಲಿ ಸುಮಾರು ೭ ಕೋಟಿ ೪೩ ಲಕ್ಷ ಕುರಿಗಳಿದ್ದವು. ಇವುಗಳಲ್ಲಿ ಕರ್ನಾಟಕದ ಪಾಲು ಸುಮಾರು ೧ ಕೋಟಿ ೧೧ ಲಕ್ಷ. ತೆಲಂಗಾಣ, ಆಂಧ್ರಪ್ರದೇಶಗಳ ತರುವಾಯ ಮೂರನೆಯ ಸ್ಥಾನ ನಮ್ಮದೇ. ೨೦೧೨ರ ಗಣತಿಯಲ್ಲಿ ಈ ಸಂಖ್ಯೆ ಸುಮಾರು ೯೬ ಲಕ್ಷವಿತ್ತು. ಏಳು ವರ್ಷಗಳಲ್ಲಿ ಹದಿನೈದು ಲಕ್ಷ ಕುರಿಗಳು ಹೆಚ್ಚಿದವು. ಅವುಗಳಿಗೆ ಬೇಕಾದ ಮೇವಿನ ನೆಲ ಮಾತ್ರ ಹೆಚ್ಚಲಿಲ್ಲ. ಹೆಚ್ಚಲಿಲ್ಲವೆಂಬುದಷ್ಟೇ ಅಲ್ಲ, ವರ್ಷದಿಂದ ವರ್ಷಕ್ಕೆ ಕುಗ್ಗುತ್ತ ಬಂದಿದೆ. ಚಳ್ಳಕೆರೆಯ ಕಂಬಳಿ, ಬನ್ನೂರಿನ ಕುರಿಯ ಮಾಂಸ, ಬಯಲುಸೀಮೆಯ ಹೊಲಗಳಿಗೆ ಬೀಳುವ ಗೊಬ್ಬರ, ಭೂಮಿಯಿಲ್ಲದ ಲಕ್ಷಾಂತರ ಸಂಸಾರಗಳ ಅನ್ನ, ಇವೆಲ್ಲವೂ ಆ ನೆಲವನ್ನು ನಂಬಿ ನಿಂತಿವೆ. ಹೀಗಿರಲು ಇದು ಕುರುಬರ ಹಟ್ಟಿಗೆ ಮಾತ್ರ ಸಂಬಂಧಪಟ್ಟ ವಿಷಯವೆಂದು ಯಾರು ಹೇಳಬಲ್ಲರು?

ನಮ್ಮ ವಿದ್ಯಾವಂತರಲ್ಲಿಯೂ ಒಂದು ಭ್ರಮೆ ಬೇರೂರಿದೆ. ಕುರಿಯನ್ನು ಸಾಕಲು ಖರ್ಚಿಲ್ಲ, ಬೆಳಗಾದರೆ ಅದು ತಾನಾಗಿ ಹೋಗಿ ಮೇಯ್ದು ಬರುವುದು, ಸಂಜೆಗೆ ಹೊಟ್ಟೆ ತುಂಬಿಸಿಕೊಂಡು ಹಟ್ಟಿ ಸೇರುವುದು ಎಂಬುದೇ ಆ ಭ್ರಮೆ. ಹೊಟ್ಟೆ ತುಂಬಿದ ಕುರಿಯೆಲ್ಲ ಹಸಿವು ತೀರಿದ ಕುರಿಯಲ್ಲ. ಈ ಮಾತು ವಿಚಿತ್ರವಾಗಿ ತೋರಬಹುದು; ಆದರೆ ಪಶುಶಾಸ್ತ್ರದ ಸಾರವೆಲ್ಲವೂ ಇದರಲ್ಲಿ ಅಡಗಿದೆ.

ಕುರಿಯ ಜಠರಕ್ಕೆ ನಾಲ್ಕು ಭಾಗಗಳಿವೆ. ಮೇಯ್ದ ಹುಲ್ಲು ಮೊದಲು ದೊಡ್ಡ ಹೊಟ್ಟೆಯನ್ನು ಸೇರುವುದು. ಅಲ್ಲಿ ಕೋಟ್ಯನುಕೋಟಿ ಸೂಕ್ಷ್ಮಜೀವಿಗಳು ವಾಸಿಸುತ್ತವೆ. ಮನುಷ್ಯನಿಗೆ ಜೀರ್ಣವಾಗದ ಹುಲ್ಲಿನ ನಾರನ್ನು ಒಡೆದು, ಕುರಿಯ ಮೈಗೆ ಶಕ್ತಿಯಾಗುವ ದ್ರವ್ಯಗಳನ್ನು ಉಂಟುಮಾಡುವ ಕೆಲಸ ಅವುಗಳದು. ಕಡೆಗೆ ಆ ಜೀವಿಗಳೇ ಮುಂದಿನ ಹೊಟ್ಟೆಗಳಿಗೆ ಇಳಿದು, ಜೀರ್ಣವಾಗಿ, ಕುರಿಗೆ ಸಸಾರಜನಕವನ್ನು ಒದಗಿಸುವುವು. ಆದುದರಿಂದ ಕುರಿಗಾಹಿಯು ಮೇಯಿಸುವುದು ಕುರಿಯೊಂದನ್ನೇ ಅಲ್ಲ. ಅದರ ಹೊಟ್ಟೆಯೊಳಗಿನ ಆ ಅಗೋಚರ ಮಂದೆಯನ್ನು ಸಹ. ಮಳೆಗಾಲದ ಎಳೆಯ ಹುಲ್ಲಿನಲ್ಲಿ ಈ ಮಂದೆಗೆ ಬೇಕಾದ ಸಸಾರಜನಕ ಧಾರಾಳವಾಗಿರುವುದು. ಮಾಗಿ ಒಣಗಿ ಬಿಳಿಚಿಕೊಂಡ ಹುಲ್ಲಿನಲ್ಲಿ ಅದು ನೂರಕ್ಕೆ ಐದಕ್ಕೂ ಕೆಳಗೆ ಇಳಿಯಬಹುದು. ನೂರಕ್ಕೆ ಏಳರ ಸುಮಾರಿಗೆ ಕಡಮೆಯಾಯಿತೆಂದರೆ ಸೂಕ್ಷ್ಮಜೀವಿಗಳೇ ಸೊರಗುವುವು. ತಿಂದ ಹುಲ್ಲು ಕರಗದೆ ಹೊಟ್ಟೆಯಲ್ಲಿಯೇ ನಿಲ್ಲುವುದು. ನಿಂತ ಹುಲ್ಲು ಸರಿಯುವವರೆಗೆ ಕುರಿಗೆ ಬೇರೆ ಹುಲ್ಲನ್ನು ತಿನ್ನಲು ಸ್ಥಳವೇ ಇರದು. ನೋಡುವವನ ಕಣ್ಣಿಗೆ ಹೊಟ್ಟೆ ತುಂಬಿದೆ. ಕುರಿಯ ಮೈಗೆ ಮಾತ್ರ ಉಪವಾಸ. ಮಾಘದಿಂದ ವೈಶಾಖದ ತನಕ ನಮ್ಮ ಬಯಲುಸೀಮೆಯ ಹಿಂಡುಗಳ ಸ್ಥಿತಿ ಬಹುಮಟ್ಟಿಗೆ ಇದೇ ಆಗಿದೆ.

ಮೂವತ್ತು ಕಿಲೋ ತೂಕದ ಕುರಿಗೆ ದಿನವೊಂದಕ್ಕೆ ಸುಮಾರು ಒಂದು ಕಿಲೋ ಒಣತೂಕದ ಆಹಾರ ಬೇಕು. ಬೇಸಗೆಯಲ್ಲಿ ಮೂರರಿಂದ ಐದು ಲೀಟರು ನೀರು ಬೇಕು. ಮೇವು ವಿರಳವಾದಂತೆ ಹಿಂಡು ಹೆಚ್ಚು ದೂರ ನಡೆಯಬೇಕಾಗುವುದು. ಹೆಚ್ಚು ನಡೆದಷ್ಟೂ ತಿಂದ ಅಲ್ಪ ಆಹಾರವು ನಡಿಗೆಗೇ ಖರ್ಚಾಗುವುದು. ಆದಾಯ ಕುಗ್ಗಿದ ಕಾಲದಲ್ಲಿಯೇ ವೆಚ್ಚ ಹಿಗ್ಗಿದ ಸಂಸಾರದಂತೆ ಕುರಿಯು ತನ್ನ ಮೈಯ ಮೂಲಧನವನ್ನೇ ತಿನ್ನತೊಡಗುವುದು. “ಆಡು ಮುಟ್ಟದ ಸೊಪ್ಪಿಲ್ಲ” ಎಂಬ ಗಾದೆ ಆಡಿಗೆ ಸಲ್ಲುವಷ್ಟು ಕುರಿಗೆ ಸಲ್ಲದು. ಆಡು ಹಿಂಗಾಲ ಮೇಲೆ ನಿಂತು ಮುಳ್ಳುಗಂಟಿಯ ಚಿಗುರನ್ನೂ ಕೀಳುವುದು; ಕುರಿಯು ಮುಖ್ಯವಾಗಿ ನೆಲವನ್ನು ನೋಡಿ ಮೇಯುವ ಪ್ರಾಣಿ. ನೆಲದಲ್ಲಿ ಹುಲ್ಲಿಲ್ಲವಾದರೆ ಅದಕ್ಕೆ ಗತಿಯಿಲ್ಲ.

ಈ ಉಪವಾಸದ ಫಲವು ಎಲ್ಲಕ್ಕಿಂತ ಕ್ರೂರವಾಗಿ ತೋರುವುದು ಗಬ್ಬದ ಕುರಿಯಲ್ಲಿ. ಕುರಿಯ ಗರ್ಭಕಾಲ ಸುಮಾರು ಐದು ತಿಂಗಳು. ಮರಿಯ ಮೈಯ ಮೂರರಲ್ಲಿ ಎರಡು ಪಾಲಿನಷ್ಟು ಕಡೆಯ ಆರು ವಾರಗಳಲ್ಲಿಯೇ ಬೆಳೆಯುವುದು. ಕಾರ್ತಿಕದಲ್ಲಿ ಗಬ್ಬವಾದ ಕುರಿ ಚೈತ್ರದಲ್ಲಿ ಈಯುವುದು. ಎಂದರೆ ಹೊಟ್ಟೆಯ ಮರಿಯು ಅತ್ಯಂತ ಹೆಚ್ಚಾಗಿ ಕೇಳುವ ಕಾಲವೂ ನೆಲವು ಅತ್ಯಂತ ಕಡಮೆಯಾಗಿ ಕೊಡುವ ಕಾಲವೂ ಒಂದೇ ಆಗಿ ಬರುವುದು. ಅವಳಿ ಮರಿಗಳನ್ನು ಹೊತ್ತ ತಾಯಿಯು ತನ್ನ ಕೊಬ್ಬನ್ನು ಕರಗಿಸಿ ಕರಗಿಸಿ, ಅದರಿಂದ ಹುಟ್ಟುವ ವಿಷದಿಂದ ನೆಲ ಹಿಡಿಯುವುದುಂಟು. ಬದುಕಿ ಈದರೂ ಮರಿ ಸಣ್ಣದು, ಕೆಚ್ಚಲು ಬರಿದು. ಹುಟ್ಟಿದ ಕೆಲವು ಗಂಟೆಗಳೊಳಗೆ ಗಿಣ್ಣದ ಹಾಲು ಕುಡಿಯದ ಮರಿಗೆ ರೋಗವನ್ನು ತಡೆಯುವ ಬಲವಿರದು. ಇಂತಹ ಮರಿ ಸತ್ತರೆ ಕುರಿಗಾಹಿಯು ರೋಗ ಬಂತೆನ್ನುವನು, ದೇವರ ಮುನಿಸೆನ್ನುವನು. ಪಶುವೈದ್ಯರು ನಿಮೋನಿಯಾ ಎಂದು ಬರೆಯುವರು. ನಿಜವಾದ ಕಾರಣವು ಎರಡು ತಿಂಗಳ ಹಿಂದೆಯೇ ತಾಯಿಯ ಹೊಟ್ಟೆಯಲ್ಲಿ ಆರಂಭವಾಗಿತ್ತೆಂಬುದು ಯಾವ ಕಡತದಲ್ಲಿಯೂ ಕಾಣದು.

ಉಣ್ಣೆಯ ಮಾತೂ ಇಷ್ಟೇ. ಕುರಿಯು ಹಸಿದಿದ್ದ ವಾರಗಳಲ್ಲಿ ಬೆಳೆದ ಎಳೆಯು ಸಣ್ಣಗಾಗಿ, ನೂಲುವಾಗ ಅಲ್ಲಿಯೇ ಕಡಿಯುವುದು. ನಮ್ಮ ಕರಿ ಕಂಬಳಿಗೆ ಮಾರುಕಟ್ಟೆಯಲ್ಲಿ ಗಿರಾಕಿಯಿಲ್ಲವೆಂದು ಪರಿತಪಿಸುವವರು, ನೇಕಾರನ ಕೈಗೆ ಬರುವ ಮೊದಲೇ ಆ ಉಣ್ಣೆಯ ಬಲವು ಬಯಲಿನಲ್ಲಿ ಕುಗ್ಗಿತೆಂಬುದನ್ನೂ ನೆನೆಯಬೇಕು.

ಕೊರತೆ ಹುಲ್ಲಿನದೊಂದೇ ಅಲ್ಲ. ಆಸ್ಟ್ರೇಲಿಯಾದ ದಕ್ಷಿಣ ಕರಾವಳಿಯಲ್ಲಿ ಹಸುರು ಹುಲ್ಲಿನ ನಡುವೆ ನಿಂತ ಕುರಿಗಳೇ ದಿನೇ ದಿನೇ ಸೊರಗಿ ಸಾಯುತ್ತಿದ್ದುವು. ೧೯೩೦ರ ದಶಕದಲ್ಲಿ ಅಲ್ಲಿಯ ವಿಜ್ಞಾನಿಗಳು ಶೋಧಿಸಿ, ಆ ಮಣ್ಣಿನಲ್ಲಿ ಕೋಬಾಲ್ಟ್ ಎಂಬ ಲೋಹಾಂಶವು ಇಲ್ಲದುದೇ ಕಾರಣವೆಂದು ಕಂಡುಹಿಡಿದರು. ಕಣ್ಣಿಗೆ ಕಾಣದಷ್ಟು ಅಲ್ಪ ಪ್ರಮಾಣದಲ್ಲಿ ಅದನ್ನು ಕೊಟ್ಟ ಕೂಡಲೇ ಕುರಿಗಳು ಚೇತರಿಸಿಕೊಂಡುವು. ನಮ್ಮ ಒಣನೆಲದ ಹುಲ್ಲಿನಲ್ಲಿ ರಂಜಕದ ಕೊರತೆ ಸಾಮಾನ್ಯ. ಉಪ್ಪಂತೂ ಬೇಕೇ ಬೇಕು. ಆದರೆ ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ದನಗಳಿಗೆಂದು ಮಾರುವ ಖನಿಜದ ಮಿಶ್ರಣವನ್ನು ಕುರಿಗೆ ಹಾಕಬಾರದು. ಅದರಲ್ಲಿ ಬೆರೆಸುವ ತಾಮ್ರವು ದನಕ್ಕೆ ಹಿತ, ಕುರಿಗೆ ವಿಷ. ಪಿತ್ತಜನಕಾಂಗದಲ್ಲಿ ಸದ್ದಿಲ್ಲದೆ ಕೂಡುತ್ತ ಬಂದು ಒಂದು ದಿನ ಹಠಾತ್ತಾಗಿ ಪ್ರಾಣ ತೆಗೆಯುವುದು. ಕುರಿಗೆಂದೇ ಮಾಡಿದ ಮಿಶ್ರಣವನ್ನು ಕೇಳಿ ತರಬೇಕು.

ಬರಗಾಲದ ತರುವಾಯ ಬರುವ ಸುಭಿಕ್ಷವೂ ಕುರಿಗೆ ಅಪಾಯವೇ. ಮುಂಗಾರಿನ ಮೊದಲ ಮಳೆಗೆ ಮೇಲೆದ್ದ ಎಳೆಹುಲ್ಲನ್ನು ಹಸಿದ ಹಿಂಡು ಒಮ್ಮೆಗೇ ಮೇಯ್ದರೆ ಕರುಳುಬೇನೆ ಹೊಕ್ಕು, ಸಂಜೆ ಚೆನ್ನಾಗಿದ್ದ ಕುರಿ ಬೆಳಗಾಗುವುದರೊಳಗೆ ಸತ್ತಿರುವುದು. ಸಾಯುವುವು ಹಿಂಡಿನಲ್ಲಿ ಪುಷ್ಟವಾಗಿದ್ದ ಮರಿಗಳೇ. ಮಳೆಗೆ ಮುಂಚೆ ಲಸಿಕೆ ಹಾಕಿಸಿ, ಬೆಳಗ್ಗೆ ಸ್ವಲ್ಪ ಒಣಮೇವು ತಿನ್ನಿಸಿ ಬಿಡುವುದೇ ಇದಕ್ಕೆ ಉಪಾಯ. ಕೊಯ್ದ ಹೊಲದಲ್ಲಿ ಚಿಗುರಿದ ಕೂಳೆ ಜೋಳವೂ, ಮಳೆ ತಪ್ಪಿ ಬಾಡಿದ ಎಳೆಯ ಜೋಳವೂ ಘೋರ ವಿಷವನ್ನು ಒಳಗೊಂಡಿರುವುವು. ಕಣದಲ್ಲಿ ರಾಶಿಯ ಕಾಳಿಗೆ ಬಾಯಿ ಹಾಕಿದ ಕುರಿಯು ಹೊಟ್ಟೆ ಹುಳಿಯಾಗಿ ಸಾಯುವುದು. ನಮ್ಮ ಹಿರಿಯ ಕುರಿಗಾಹಿಗಳಿಗೆ ಇವುಗಳಲ್ಲಿ ಬಹಳಷ್ಟು ಅನುಭವದಿಂದಲೇ ತಿಳಿದಿದೆ. ವಿಜ್ಞಾನವು ಅವರಿಗೆ ಹೊಸದಾಗಿ ಕಲಿಸಬೇಕಾದುದು ಸ್ವಲ್ಪ. ಅವರು ತಿಳಿದುದನ್ನು ಆಚರಿಸಲು ಬೇಕಾದ ಸಾಧನಗಳನ್ನು ಒದಗಿಸಬೇಕಾದುದು ಬಹಳ.

ಆ ಸಾಧನಗಳು ದುಬಾರಿಯವೇ? ಹಾಗೇನೂ ಇಲ್ಲ. ಹಿಂಡಿಗೆ ಹಿಂಡೇ ಹಿಂಡಿ ತಿನ್ನಿಸಬೇಕೆಂದು ಯಾರೂ ಹೇಳುವುದಿಲ್ಲ. ಗಬ್ಬದ ಕುರಿಗೆ ಈಯುವ ಮುಂಚಿನ ನಲವತ್ತೈದು ದಿನ, ದಿನಕ್ಕೆ ಕಾಲು ಕಿಲೋ ಕಾಳು, ಹಿಂಡಿ, ತೌಡುಗಳ ಮಿಶ್ರಣವನ್ನು ಕೊಟ್ಟರೆ ಒಟ್ಟು ಹನ್ನೊಂದು ಕಿಲೋ ಚಿಲ್ಲರೆ ಆಗುವುದು. ಕಿಲೋ ಒಂದಕ್ಕೆ ೩೦ ರೂಪಾಯಿ ಎಂದು ಹಿಡಿದರೂ ೩೪೦ ರೂಪಾಯಿಗೆ ಮೀರದು. ಉಳಿದ ಒಂದು ಮರಿಯ ಬೆಲೆಯಾದರೋ ಸಾವಿರಗಳ ಲೆಕ್ಕದ್ದು. ಟಗರು ಬಿಡುವ ಎರಡು ಮೂರು ವಾರ ಮುಂಚೆ ಇಷ್ಟನ್ನೇ ಕೊಟ್ಟರೆ ಕುರಿಗಳು ಚೆನ್ನಾಗಿ ಗಬ್ಬ ನಿಲ್ಲುವುವು. ಶೇಂಗಾ ಹೊಟ್ಟು, ತೊಗರಿ ಹೊಟ್ಟು, ಹುರುಳಿ ಹೊಟ್ಟುಗಳಲ್ಲಿ ಒಣಹುಲ್ಲಿಗಿಂತ ಹೆಚ್ಚಿನ ಸತ್ತ್ವವಿದೆ. ಬನ್ನಿ, ಜಾಲಿ, ಚೊಗಚೆಗಳ ಸೊಪ್ಪು ಮತ್ತು ಜಾಲಿಯ ಕಾಯಿ ಬೇಸಗೆಯಲ್ಲಿ ಆಪದ್ಬಂಧುಗಳು. ಸುಬಾಬುಲ್ ಸೊಪ್ಪು ಒಳ್ಳೆಯದಾದರೂ ಮೇವಿನ ಮೂರನೆಯ ಒಂದು ಪಾಲಿಗೆ ಮೀರಬಾರದು. “ಕುರಿ ಕೊಬ್ಬಿದಷ್ಟೂ ಕುರುಬನಿಗೆ ಲಾಭ” ಎಂಬ ಗಾದೆಯನ್ನು ನಾವು ಬೇರೆ ಅರ್ಥದಲ್ಲಿ ಬಳಸಿ ಬಳಸಿ, ಅದರ ನೇರವಾದ ಅರ್ಥವನ್ನೇ ಮರೆತಿದ್ದೇವೆ.

ಕುರಿಗಾಹಿಯ ಕರ್ತವ್ಯವನ್ನೂ ಹೇಳದೆ ಬಿಡುವುದು ನ್ಯಾಯವಲ್ಲ. ಹುಲ್ಲಿನ ಅಳತೆಯನ್ನು ನೋಡದೆ ಹಿಂಡಿನ ಎಣಿಕೆಯನ್ನೇ ಪ್ರತಿಷ್ಠೆಯೆಂದು ಬಗೆಯುವುದು ತಪ್ಪು. ಗೊಡ್ಡು ಕುರಿಗಳನ್ನೂ ಹಲ್ಲು ಸವೆದವುಗಳನ್ನೂ ಬೇಸಗೆಗೆ ಮುಂಚೆಯೇ ಮಾರಿದರೆ ಉಳಿದವುಗಳಿಗೆ ಮೇವು ಮಿಗುವುದು. ಒಂದೇ ಬಯಲನ್ನು ದಿನವೂ ಬೋಳಿಸಿದರೆ ಒಳ್ಳೆಯ ಹುಲ್ಲು ಬೇರುಸಹಿತ ನಾಶವಾಗಿ, ಕುರಿ ಮೂಸದ ಕಳೆ ಮಾತ್ರ ಉಳಿಯುವುದು. ಬಯಲಿಗೂ ಸರದಿಯ ವಿಶ್ರಾಂತಿ ಬೇಕು. ಆದರೆ ವಿಶ್ರಾಂತಿ ಕೊಡಲು ಎರಡನೆಯ ಬಯಲು ಇದ್ದರಲ್ಲವೆ? ಇಲ್ಲಿಗೆ ನಾವು ಪ್ರಶ್ನೆಯ ಬುಡಕ್ಕೆ ಬಂದೆವು.

ಈ ನೆಲದ ಕಾನೂನು ಗೋಮಾಳವನ್ನು ಮರೆತಿಲ್ಲ. ೧೯೬೪ರ ಕರ್ನಾಟಕ ಭೂಕಂದಾಯ ಅಧಿನಿಯಮವೂ, ಅದರಡಿ ೧೯೬೬ರಲ್ಲಿ ಮಾಡಿದ ನಿಯಮಗಳಲ್ಲಿ ೯೭ನೆಯದೂ ಊರ ಜಾನುವಾರುಗಳಿಗೆ ಪುಕ್ಕಟೆ ಮೇವಿನ ನೆಲವನ್ನು ಕಾದಿರಿಸಬೇಕೆಂದು ವಿಧಿಸಿವೆ. ನೂರು ದನಗಳಿಗೆ ಹನ್ನೆರಡು ಹೆಕ್ಟೇರು ಎಂಬ ಅಳತೆಯೂ ಅಲ್ಲಿಯೇ ಇದೆ. ೨೦೧೧ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಪಂಜಾಬಿನ ಮೊಕದ್ದಮೆಯೊಂದರಲ್ಲಿ ತೀರ್ಪು ಕೊಟ್ಟು, ಊರೊಟ್ಟಿನ ಭೂಮಿಗಳ ಅಕ್ರಮ ಒತ್ತುವರಿಯನ್ನು ತೆರವು ಮಾಡಿಸಲು ಎಲ್ಲ ರಾಜ್ಯಗಳೂ ಯೋಜನೆ ಹಾಕಬೇಕೆಂದು ಆಜ್ಞಾಪಿಸಿತು. ಹೀಗೆ ಶಾಸನವಿದೆ, ತೀರ್ಪಿದೆ, ಇಲ್ಲದಿರುವುದು ಗೋಮಾಳ. ಅದರಲ್ಲಿ ಕೆಲವು ಪಾಲು ಬಗರ್‌ಹುಕುಂ ಸಾಗುವಳಿಗೆ ಹೋಯಿತು, ಕೆಲವು ಪಾಲು ನಿವೇಶನಕ್ಕೆ, ಕೆಲವು ಪಾಲು ಕಟ್ಟಡಗಳಿಗೆ, ಕೆಲವು ಪಾಲು ಬಲಾಢ್ಯರ ಬೇಲಿಯೊಳಕ್ಕೆ ಹೋಯಿತು. ಹುಲ್ಲು ಬೆಳೆಯುವ ಬಯಲನ್ನು ಸರಕಾರಿ ದಾಖಲೆಯು ಬಂಜರು ಎಂದು ಕರೆಯಿತೆಂದರೆ ಅದರ ಅರ್ಧ ಕಥೆ ಮುಗಿದಂತೆ. ಬಂಜರನ್ನು ಯಾರು ಕೇಳಿದರೂ ಕೊಡಬಹುದಲ್ಲವೆ? ಕಾಯಬೇಕಾದವರೇ ಹಂಚಲು ನಿಂತರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ ಆಗುವುದು.

ಚಳ್ಳಕೆರೆಯ ಉದಾಹರಣೆ ನಮ್ಮ ಕಣ್ಣ ಮುಂದಿದೆ. ಮೈಸೂರು ಅರಸರ ಬೆಣ್ಣೆ ಚಾವಡಿಯು ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆದ ದಿನದಿಂದಲೂ ಕಾವಲುಗಳೆನಿಸಿದ ಹುಲ್ಲುಗಾವಲುಗಳು ಆ ಸೀಮೆಯಲ್ಲಿ ಇದ್ದುವು. ದನಗಳೊಡನೆ ಸುತ್ತಲ ಹಳ್ಳಿಗಳ ಕುರಿಗಳೂ ಅಲ್ಲಿ ಮೇಯುತ್ತಿದ್ದುವು. ಆ ಕುರಿಗಳ ಉಣ್ಣೆಯಿಂದಲೇ ಅಲ್ಲಿಯ ಕಂಬಳಿಯ ಕೀರ್ತಿ. ಈ ಶತಮಾನದ ಮೊದಲ ದಶಕದ ಕೊನೆಯಿಂದ ಈಚೆಗೆ ಅಲ್ಲಿಯ ಸುಮಾರು ಹತ್ತು ಸಾವಿರ ಎಕರೆ ನೆಲವನ್ನು ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಮೊದಲಾದ ಸಂಸ್ಥೆಗಳಿಗೆ ವಹಿಸಲಾಯಿತು. ಗ್ರಾಮಸ್ಥರ ಆಕ್ಷೇಪವು ಹಸುರು ನ್ಯಾಯಾಧಿಕರಣದವರೆಗೆ ಹೋಯಿತು. ದೇಶದ ರಕ್ಷಣೆಗೂ ವಿಜ್ಞಾನದ ಏಳಿಗೆಗೂ ನೆಲ ಬೇಡವೆಂದು ನಾವು ಹೇಳುವವರಲ್ಲ. ಅವು ರಾಷ್ಟ್ರಕ್ಕೆ ಅವಶ್ಯವೇ. ಆದರೆ ಒಬ್ಬ ರೈತನ ಹೊಲವನ್ನು ತೆಗೆದುಕೊಂಡರೆ ಪರಿಹಾರ ಕೊಡುವ ಸರಕಾರವು, ಸಾವಿರ ಹಿಂಡುಗಳ ಹುಲ್ಲನ್ನು ತೆಗೆದುಕೊಂಡಾಗ ಹುಲ್ಲಿಗೆ ಹುಲ್ಲು ಕೊಡುವ ಹೊಣೆಯನ್ನು ಏಕೆ ಹೊರಬಾರದು? ಪಟ್ಟೆಯಿಲ್ಲದವನ ಹಕ್ಕು ಹಕ್ಕಲ್ಲವೆ?

ಕುಗ್ಗಿದುದು ಗೋಮಾಳವೊಂದೇ ಅಲ್ಲ. ಹಿಂದೆ ಸುಗ್ಗಿ ಮುಗಿದೊಡನೆ ಹೊಲಗಳು ಕುರಿಗಳಿಗೆ ತೆರೆದುಕೊಳ್ಳುತ್ತಿದ್ದುವು. ರೈತನು ಕುರಿಗಾಹಿಯನ್ನು ತಾನೇ ಕರೆದು, ರಾತ್ರಿ ತನ್ನ ಹೊಲದಲ್ಲಿ ಮಂದೆ ನಿಲ್ಲಿಸಿಕೊಂಡು, ಕಾಳನ್ನೋ ಹಣವನ್ನೋ ಕೊಟ್ಟು ಕಳುಹಿಸುತ್ತಿದ್ದನು. ಕುರಿಗೆ ಕೂಳೆ, ಹೊಲಕ್ಕೆ ಗೊಬ್ಬರ, ಇಬ್ಬರಿಗೂ ಋಣವಿಲ್ಲ. ಕೊಳವೆಬಾವಿ ಬಂದು ಹೊಲವು ವರ್ಷದಲ್ಲಿ ಬಿಡುವಿಲ್ಲದೆ ದುಡಿಯತೊಡಗಿದ ಮೇಲೆ ಕುರಿಗೆ ದೊರೆಯುತ್ತಿದ್ದ ಆ ತೆರಪು ಕಿರಿದಾಯಿತು. ಸಿಂಪಡಿಸಿದ ಕೀಟನಾಶಕ ಕಳೆನಾಶಕಗಳಿಂದ ಉಳಿದ ಸೊಪ್ಪೂ ನಂಬುವಂತಿಲ್ಲವಾಯಿತು. ಈ ಹಳೆಯ ಒಡಂಬಡಿಕೆ ಇನ್ನೂ ಅನೇಕ ಕಡೆ ಜೀವಂತವಾಗಿದೆ. ರಾಸಾಯನಿಕ ಗೊಬ್ಬರಕ್ಕೆ ಕೋಟ್ಯಂತರ ರೂಪಾಯಿ ಸಹಾಯಧನ ಕೊಡುವವರು ಮಂದೆ ನಿಲ್ಲಿಸುವ ರೈತನಿಗೆ ಒಂದು ಅಲ್ಪ ಪ್ರೋತ್ಸಾಹವನ್ನು ಕೊಟ್ಟರೆ ಹೊಲವೂ ಹಿಂಡೂ ಒಟ್ಟಿಗೆ ಉಳಿಯುವುವು.

ಇನ್ನು ಸರಕಾರದ ಕಾರ್ಯಕ್ರಮಗಳನ್ನು ನೋಡೋಣ. ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮವಿದೆ. ಬೀದರಿನಲ್ಲಿ ಪಶುವೈದ್ಯ ವಿಶ್ವವಿದ್ಯಾನಿಲಯವಿದೆ. ಪಶುಗಳ ಪೋಷಣೆಯನ್ನೇ ಅಭ್ಯಸಿಸುವ ರಾಷ್ಟ್ರೀಯ ಸಂಸ್ಥೆ ಬೆಂಗಳೂರಿನಲ್ಲಿಯೇ ಇದೆ. ಝಾನ್ಸಿಯ ಹುಲ್ಲುಗಾವಲು ಸಂಶೋಧನಾಲಯದ ದಕ್ಷಿಣ ಶಾಖೆ ಧಾರವಾಡದಲ್ಲಿದೆ. ವಿದ್ಯೆಗೆ ನಮ್ಮಲ್ಲಿ ಬರವಿಲ್ಲವೆಂದಾಯಿತು. ಫಲಾನುಭವಿಗಳಿಗೆ ಕುರಿಗಳನ್ನು ಹಂಚುವ ಯೋಜನೆಗಳುಂಟು. ಆಕಸ್ಮಿಕವಾಗಿ ಸತ್ತ ಕುರಿಗೆ “ಅನುಗ್ರಹ” ಎಂಬ ಹೆಸರಿನಲ್ಲಿ ಪರಿಹಾರ ಕೊಡುವ ಯೋಜನೆಯನ್ನೂ ಮಾಡಿದ್ದಾರೆ. ಇದನ್ನು ನಾವು ಹಳಿಯುವುದಿಲ್ಲ. ಬಡವನಿಗೆ ಅದೊಂದು ಆಸರೆಯೇ. ಆದರೆ ಕುರಿಯನ್ನು ಕೊಡುವುದಕ್ಕೆ ಹಣವಿದೆ, ಅದು ಸತ್ತರೆ ಕೊಡುವುದಕ್ಕೂ ಹಣವಿದೆ. ನಡುವೆ ಅದು ಬದುಕುವುದಕ್ಕೆ ಬೇಕಾದ ಹಿಡಿ ಹುಲ್ಲಿನ ಏರ್ಪಾಡಿಲ್ಲವೆಂದರೆ ಇದಕ್ಕೆ ಏನೆನ್ನಬೇಕು? ೨೦೨೩ರಲ್ಲಿ ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಸಾರಲಾಯಿತು. ಬರ ಬಂದಾಗ ಗೋಶಾಲೆ ತೆರೆಯುವ, ಮೇವಿನ ಬ್ಯಾಂಕು ಇಡುವ ಪದ್ಧತಿ ನಮ್ಮಲ್ಲಿ ಇದೆ. ಅವು ಕಟ್ಟಿ ಸಾಕುವ ದನವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಏರ್ಪಾಡುಗಳು. ಇಂದು ಒಂದು ತಾಲ್ಲೂಕು, ನಾಳೆ ಇನ್ನೊಂದು ತಾಲ್ಲೂಕು ಎಂದು ನಡೆಯುವ ಹಿಂಡಿಗೆ ಅವು ಹೇಗೆ ಉಪಯೋಗಕ್ಕೆ ಬರಬೇಕು?

ಆದುದರಿಂದ ಅಧಿಕಾರವರ್ಗದವರ ಮುಂದೆ ನಾವು ಕೆಲವು ಸೂಚನೆಗಳನ್ನು ಇಡುತ್ತೇವೆ. ಮೊದಲನೆಯದಾಗಿ, ಪ್ರತಿಯೊಂದು ತಾಲ್ಲೂಕಿನ ತಹಶೀಲ್ದಾರರು ತಮ್ಮ ವ್ಯಾಪ್ತಿಯ ಗೋಮಾಳವನ್ನು ಅಳೆಯಿಸಿ, ಕಾಗದದಲ್ಲಿ ಎಷ್ಟಿದೆ, ನೆಲದಲ್ಲಿ ಎಷ್ಟಿದೆ ಎಂಬ ಎರಡು ಸಂಖ್ಯೆಗಳನ್ನೂ ಗ್ರಾಮಸಭೆಯಲ್ಲಿ ಓದಿ ಹೇಳಲಿ. ಎರಡನೆಯದಾಗಿ, ಉಳಿದ ಗೋಮಾಳದಲ್ಲಿ ಪಾಲು ಪಾಲಾಗಿ ಮೇವು ನಿಲ್ಲಿಸಿ, ಮೊದಲ ಮಳೆಗೆ ಸ್ಟೈಲೋ ಮೊದಲಾದ ದ್ವಿದಳ ಮೇವಿನ ಬೀಜವನ್ನು ಚೆಲ್ಲಿಸಲಿ. ಗ್ರಾಮೀಣ ಉದ್ಯೋಗದ ಕೂಲಿಗೆ ಇದಕ್ಕಿಂತ ಒಳ್ಳೆಯ ಕೆಲಸ ಯಾವುದು? ಮೂರನೆಯದಾಗಿ, ಹಿಂಡುಗಳು ವರ್ಷವೂ ನಡೆಯುವ ದಾರಿಗಳು ಪಶುವೈದ್ಯ ಇಲಾಖೆಗೆ ತಿಳಿಯದವೇನಲ್ಲ. ಆ ದಾರಿಗಳಲ್ಲಿ ನೀರಿನ ತೊಟ್ಟಿ, ಲಸಿಕೆಯ ಠಾಣೆ, ಹೊಟ್ಟು ಹಾಗೂ ಕುರಿಯ ಖನಿಜ ಮಿಶ್ರಣ ನ್ಯಾಯಬೆಲೆಗೆ ದೊರೆಯುವ ಉಗ್ರಾಣಗಳಿರಲಿ. ನಾಲ್ಕನೆಯದಾಗಿ, ಫಾಲ್ಗುಣದಿಂದ ಮುಂಗಾರಿನ ತನಕ ಗಬ್ಬದ ಕುರಿಗಳ ಪೂರಕ ಆಹಾರಕ್ಕೆ ಸಹಾಯಧನ ದೊರೆಯಲಿ. ಸತ್ತ ಕುರಿಗಳಿಗೆ ಕೊಡಬೇಕಾದ ಮೊತ್ತ ಇದರಿಂದಲೇ ಇಳಿಯುವುದನ್ನು ಹಣಕಾಸಿನ ಇಲಾಖೆಯವರು ತಾವೇ ಕಾಣುವರು. ಐದನೆಯದಾಗಿ, ಊರ ಹೊರಗೆ ತಂಗಿದ ಕುರಿಗಾಹಿಯನ್ನು ಕಳ್ಳನಂತೆ ಕಾಣುವುದನ್ನು ಪೋಲೀಸರೂ ಅರಣ್ಯದ ಕಾವಲುಗಾರರೂ ಬಿಡಲಿ. ಹೆದರಿ ಓಡುವ ಹಿಂಡು ಮೇಯುವುದಿಲ್ಲ.

ಇವುಗಳಲ್ಲಿ ಯಾವುದೂ ಅಸಾಧ್ಯವಾದುದಲ್ಲ, ಯಾವುದಕ್ಕೂ ಹೊಸ ಶಾಸನ ಬೇಕಾಗಿಲ್ಲ. ಬೇಕಾದುದು ಇಷ್ಟೇ: ಕುರಿಯ ಮೇವನ್ನು ದೇವರು ಕೊಡುವ ಪುಕ್ಕಟೆ ವಸ್ತುವೆಂದು ಬಗೆಯುವುದನ್ನು ನಿಲ್ಲಿಸಿ, ಅದನ್ನು ನಾಡಿನ ಸಂಪತ್ತಿನ ಬೀಜವೆಂದು ಗಣಿಸುವ ಬುದ್ಧಿ. ಕೆರೆಯಲ್ಲಿ ನೀರಿದೆಯೇ ಎಂದು ಬೇಸಗೆಗೆ ಮುಂಚೆಯೇ ನೋಡುವ ಜಿಲ್ಲಾಧಿಕಾರಿಗಳು ಬಯಲಿನಲ್ಲಿ ಹುಲ್ಲಿದೆಯೇ ಎಂದೂ ನೋಡಲಿ. ಗಣತಿಯ ಕಾಗದದಲ್ಲಿ ಒಂದು ಕೋಟಿ ಹನ್ನೊಂದು ಲಕ್ಷವೆಂದು ಬರೆದುಕೊಂಡು ಹೆಮ್ಮೆಪಟ್ಟುದು ಸಾಕು. ಅಷ್ಟು ಬಾಯಿಗಳಿಗೆ ಬರುವ ಚೈತ್ರದಲ್ಲಿ ಏನು ದೊರೆಯುವುದೆಂಬ ಪ್ರಶ್ನೆಗೆ ಈಗಲೇ ಉತ್ತರ ಬೇಕು; ಮಳೆ ತಪ್ಪಿದ ಮೇಲೆ ಹೊರಡುವ ಸುತ್ತೋಲೆಯನ್ನು ಕುರಿ ಮೇಯಲಾರದು.